ಹೆಸರಾಗದ ತರಬೇತುದಾರನ ನೇಮಕ: ವರ್ತಕರಿಗೊಂದು ಲೆಕ್ಕಾಚಾರ

ಮಲ್ಲಟದ ಅಕ್ಕಿ ಗಿರಣಿ ಮಾಲೀಕರೊಬ್ಬರು ಇತ್ತೀಚೆಗೆ ನಮ್ಮ ಕಚೇರಿಗೆ ಬಂದಿದ್ದರು. ಅವರ ಹಳೆಯ ಮ್ಯಾನೇಜರ್ ನಿವೃತ್ತರಾಗುತ್ತಿದ್ದಾರೆ. ರಾಯಚೂರಿನಲ್ಲಿ ಹೆಸರು ಮಾಡಿದವರೊಬ್ಬರು ತಿಂಗಳಿಗೆ 60,000 ರೂ. ಕೇಳುತ್ತಾರೆ. ಮಾನ್ವಿಯ ಗಿರಣಿಯೊಂದರಲ್ಲಿ ಸಹಾಯಕರಾಗಿರುವ, ಹೆಚ್ಚು ಪರಿಚಿತರಲ್ಲದ ಯುವಕರೊಬ್ಬರು 35,000 ರೂ.ಗೆ ಸಿದ್ಧರಿದ್ದಾರೆ. “ಯಾರನ್ನು ತೆಗೆದುಕೊಳ್ಳಲಿ, ಸಾಹೇಬರೆ?” ಎಂಬುದು ಅವರ ಪ್ರಶ್ನೆ.

ಕ್ರೀಡಾ ತಂಡಗಳ ಆಡಳಿತಗಾರರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಅವರ ಲಾಭ-ನಷ್ಟ ಎಲ್ಲರ ಕಣ್ಣೆದುರೇ ನಡೆಯುವುದರಿಂದ ಅದು ನಮಗೆ ಪಾಠವಾಗಬಲ್ಲದು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಮಗೆಲ್ಲ ಪರಿಚಿತವಾದ ಜೆಎಸ್‌ಡಬ್ಲ್ಯು ಸಮೂಹವು 2013ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವನ್ನು ಸ್ಥಾಪಿಸಿತು. ತರಬೇತುದಾರರಾಗಿ ಬಂದವರು ಆಶ್ಲೆ ವೆಸ್ಟ್‌ವುಡ್. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ತಂಡಗಳಲ್ಲಿ ಸಹಾಯಕರಾಗಿದ್ದ ಅವರ ಹೆಸರನ್ನು ಇಲ್ಲಿ ಕೇಳಿದವರು ವಿರಳ. ಆದರೆ ಸಂಸ್ಥೆಯು ಅವರನ್ನು ಬರಿಗೈಯಲ್ಲಿ ಬಿಡಲಿಲ್ಲ. ಸುನಿಲ್ ಛೆಟ್ರಿಯಂತಹ ನಾಯಕನನ್ನು ಒದಗಿಸಿತು. ಮೊದಲ ವರ್ಷವೇ, ಅಂದರೆ 2014ರಲ್ಲಿ, ತಂಡವು ಐ-ಲೀಗ್ ಪ್ರಶಸ್ತಿ ಗಳಿಸಿತು. 2016ರಲ್ಲಿ ಮತ್ತೊಮ್ಮೆ ಗೆದ್ದಿತು.

ಎಲ್ಲ ನೇಮಕಗಳೂ ಇಷ್ಟು ಬೇಗ ಫಲ ಕೊಡುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು 1980ರಲ್ಲಿ ತನ್ನ ಬಾಸ್ಕೆಟ್‌ಬಾಲ್ ತಂಡಕ್ಕೆ ಮೈಕ್ ಶೆಶೆಫ್‌ಸ್ಕಿ ಎಂಬುವರನ್ನು ನೇಮಿಸಿತು. ಹಿಂದಿನ ವರ್ಷ ಅವರ ಸೇನಾ ಅಕಾಡೆಮಿ ತಂಡವು 9 ಪಂದ್ಯ ಗೆದ್ದು 17ರಲ್ಲಿ ಸೋತಿತ್ತು. ಡ್ಯೂಕ್‌ನ ಮೊದಲ ಮೂರು ವರ್ಷಗಳಲ್ಲಿಯೂ ಗೆಲುವು 38, ಸೋಲು 47. ಅವರನ್ನು ತೆಗೆದುಹಾಕಬೇಕೆಂಬ ಒತ್ತಡ ಬಂದಿತು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಅವರು 1984ರಲ್ಲಿ ಒಪ್ಪಂದವನ್ನು ವಿಸ್ತರಿಸಿದರು. 2022ರಲ್ಲಿ ನಿವೃತ್ತರಾಗುವ ವೇಳೆಗೆ ಶೆಶೆಫ್‌ಸ್ಕಿ ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟಿದ್ದರು.

ಇನ್ನು ನಮ್ಮ ಗಿರಣಿಯ ಲೆಕ್ಕ. ಇಬ್ಬರ ವೇತನದ ಅಂತರ ತಿಂಗಳಿಗೆ 25,000 ರೂ., ವರ್ಷಕ್ಕೆ 3 ಲಕ್ಷ ರೂ. ಇದನ್ನು ಉಳಿತಾಯವೆಂದು ಭಾವಿಸುವುದು ತಪ್ಪು. ವರ್ಷಕ್ಕೆ 20,000 ಕ್ವಿಂಟಲ್ ಭತ್ತ ಅರೆಯುವ ಗಿರಣಿಯಲ್ಲಿ ಅಕ್ಕಿಯ ಪ್ರಮಾಣ ನೂರಕ್ಕೆ ಒಂದು ಕ್ವಿಂಟಲ್ ಕುಗ್ಗಿದರೆ 200 ಕ್ವಿಂಟಲ್ ಅಕ್ಕಿ ಹೋಯಿತು. ಕ್ವಿಂಟಲ್‌ಗೆ 3,000 ರೂ. ಎಂದು ಹಿಡಿದರೂ ನಷ್ಟ 6 ಲಕ್ಷ ರೂ. ಆದುದರಿಂದ ನೋಡಬೇಕಾದುದು ವೇತನವನ್ನಲ್ಲ, ಕೆಲಸದ ಅರಿವನ್ನು. ಉಳಿದ 3 ಲಕ್ಷವು ಕಲಿಕೆಯ ಅವಧಿಯ ತಪ್ಪುಗಳಿಗೆ ಮತ್ತು ಅವರ ಕೈಕೆಳಗಿನ ಸಿಬ್ಬಂದಿಗೆ ಮೀಸಲಿಟ್ಟ ಹಣ.

ಇಂತಹ ನೇಮಕ ಮಾಡುವವರು ಈ ಅಂಶಗಳನ್ನು ಗಮನಿಸುವುದು ಒಳಿತು:

1. ಅಭ್ಯರ್ಥಿಯು ಹಿಂದಿನ ಸಂಸ್ಥೆಯಲ್ಲಿ ಸ್ವತಃ ಮಾಡಿದ ಕೆಲಸವೇನೆಂದು ವಿಚಾರಿಸಬೇಕು. ಸಂಸ್ಥೆಯ ಹೆಸರೇ ವ್ಯಕ್ತಿಯ ಅರ್ಹತೆಯಲ್ಲ.

2. ಅವಧಿ, ವೇತನ, ಖರೀದಿಯ ಅಧಿಕಾರದ ಮಿತಿ ಇವೆಲ್ಲ ಲಿಖಿತವಾಗಿರಬೇಕು. ಚೆಕ್‌ಗಳಿಗೆ ಮೊದಲ ವರ್ಷ ಜಂಟಿ ಸಹಿ ಇರಲಿ.

3. ಅಳತೆಗೋಲನ್ನು ಮೊದಲೇ ನಿಗದಿಪಡಿಸಬೇಕು. ಗಿರಣಿಗಾದರೆ ಅಕ್ಕಿಯ ಇಳುವರಿ, ನುಚ್ಚಿನ ಪ್ರಮಾಣ, ವಿದ್ಯುತ್ ವೆಚ್ಚ, ಬಾಕಿ ವಸೂಲಿ ಸಾಕು.

4. ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಆದರೆ ಒಂದು ಸುಗ್ಗಿಯ ಫಲಿತಾಂಶ ನೋಡಿ ತೀರ್ಪು ಕೊಡಬಾರದು. ಲೆಕ್ಕದಲ್ಲಿ ಅಪ್ರಾಮಾಣಿಕತೆ ಕಂಡರೆ ಮಾತ್ರ ಒಂದು ದಿನವೂ ಕಾಯಬೇಕಾಗಿಲ್ಲ.

ತಾಳ್ಮೆಗೂ ಒಂದು ಬೆಲೆಯಿದೆ. ಆ ಬೆಲೆಯನ್ನು ತೆರಲು ಸಾಧ್ಯವಿಲ್ಲದವರು, ಅಂದರೆ ಸಾಲದ ಕಂತಿನ ಒತ್ತಡದಲ್ಲಿರುವವರು, ಅನುಭವಿಗಳನ್ನೇ ಆರಿಸಿಕೊಳ್ಳುವುದು ವಿವೇಕ. ಮಲ್ಲಟದ ಮಾಲೀಕರಿಗೆ ಅಂತಹ ಒತ್ತಡವಿರಲಿಲ್ಲ. ಅವರು ಯುವಕರೊಡನೆ ಎರಡು ದಿನ ಗಿರಣಿಯಲ್ಲಿ ಓಡಾಡಿದರು. ಭತ್ತದ ತೇವಾಂಶದ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಮಾಲೀಕರಿಗೆ ಮೆಚ್ಚಿಗೆಯಾದವು. ಎರಡು ವರ್ಷದ ಒಪ್ಪಂದಕ್ಕೆ ಸಹಿಯಾಗಿದೆ. ಮೊದಲ ತ್ರೈಮಾಸಿಕದ ಲೆಕ್ಕ ಇನ್ನಷ್ಟೇ ನಮ್ಮ ಮೇಜಿಗೆ ಬರಬೇಕಾಗಿದೆ.