ಪೊಟ್ಟಣದೊಳಗಿನ ಸಮುದ್ರವನ್ನು ಅಳೆಯುವುದು ಹೇಗೆ?

ಹವಳ ಸಾಕುವ ಅಕ್ವೇರಿಯಂಗೆ ಅಡುಗೆ ಉಪ್ಪು ಸಾಲದು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ 30 ಗ್ರಾಂನಷ್ಟು ಸೋಡಿಯಂ ಮತ್ತು ಕ್ಲೋರೈಡ್. ಹವಳದ ಬದುಕು ನಿಂತಿರುವುದು ಮಿಕ್ಕ ಐದು ಗ್ರಾಂನ ಮೇಲೆ: ಮೆಗ್ನೀಸಿಯಂ ಸುಮಾರು 1,280 ಮಿಲಿಗ್ರಾಂ, ಕ್ಯಾಲ್ಸಿಯಂ 410, ಜೊತೆಗೆ ಸಲ್ಫೇಟ್, ಪೊಟಾಸಿಯಂ, ಬೈಕಾರ್ಬೊನೇಟ್. ಹವಳ ತನ್ನ ಸುಣ್ಣದ ಮನೆ ಕಟ್ಟಿಕೊಳ್ಳುವುದು ಇವುಗಳಲ್ಲಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್‌ನಿಂದ.

1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ವಿಶ್ಲೇಷಿಸಿದರು. ಉಪ್ಪಿನಂಶ ಹೆಚ್ಚುಕಡಿಮೆಯಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಸಾಗರಗಳಲ್ಲೂ ಬಹುತೇಕ ಒಂದೇ ಎಂಬುದು ಅದರಿಂದ ಖಚಿತವಾಯಿತು. ಕೃತಕ ಸಮುದ್ರ ಲವಣ ತಯಾರಕರು ಅನುಸರಿಸಬೇಕಾದ ಅಳತೆಪಟ್ಟಿ ಇದೇ. ಆದರೂ ಹಲವರು ಕ್ಷಾರೀಯತೆಯನ್ನು, ಅಂದರೆ ಮುಖ್ಯವಾಗಿ ಬೈಕಾರ್ಬೊನೇಟ್‌ನ ಮಟ್ಟವನ್ನು, ಬೇಕೆಂದೇ ಏರಿಸುತ್ತಾರೆ. ಸಮುದ್ರದಲ್ಲಿ ಅದು ಸುಮಾರು 7 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ). ಕೆಲವು ಮಿಶ್ರಣಗಳಲ್ಲಿ 11ರ ಆಸುಪಾಸು.

ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಲೀಟರಿಗೆ ಇಷ್ಟು ಚಮಚ ಎಂದು ಎರಡನ್ನೂ ಕಲಸಿ, ಕ್ಯಾಲ್ಸಿಯಂ ನೋಡಿ ತೀರ್ಪು ಕೊಡುತ್ತಾರೆ. ಉಪ್ಪು ಗಾಳಿಯ ತೇವ ಹೀರುತ್ತದೆ. ಚಮಚದ ಲೆಕ್ಕ ಕೆಡುತ್ತದೆ. ಲವಣಾಂಶ 35ರಲ್ಲಿ 410 ಕ್ಯಾಲ್ಸಿಯಂ ತೋರುವ ಮಿಶ್ರಣವೇ 32ರಲ್ಲಿ 375 ತೋರುತ್ತದೆ. ಉಪ್ಪು ಅದೇ, ನೀರು ಹೆಚ್ಚಾಗಿದೆ ಅಷ್ಟೆ. ಆದ್ದರಿಂದ ಖನಿಜ ತೆಗೆದ ಶುದ್ಧ ನೀರಿನಲ್ಲಿ, ಒಂದೇ ಉಷ್ಣತೆಯಲ್ಲಿ ಎರಡನ್ನೂ ಕಲಸಿ, 35ರ ಪ್ರಮಾಣ ದ್ರಾವಣದಿಂದ ಸರಿಹೊಂದಿಸಿದ ರಿಫ್ರಾಕ್ಟೋಮೀಟರಿನಲ್ಲಿ ಲವಣಾಂಶ ಸಮ ಮಾಡಿಕೊಂಡ ಮೇಲೆಯೇ ಪರೀಕ್ಷೆ. ಸಾಗಣೆಯ ಕುಲುಕಾಟಕ್ಕೆ ಹರಳುಗಳು ಬೇರ್ಪಟ್ಟು ಸಣ್ಣವು ತಳ ಸೇರಿರಬಹುದು. ಪೊಟ್ಟಣವನ್ನು ಚೆನ್ನಾಗಿ ಹೊರಳಾಡಿಸಿಯೇ ಮಾದರಿ ತೆಗೆಯಬೇಕು.

ಕ್ಯಾಲ್ಸಿಯಂ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಮಾದರಿ ನೀರಿಗೆ ಪ್ರಬಲ ಕ್ಷಾರ ಹಾಕಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಬೇರ್ಪಟ್ಟು ನೀರು ತುಸು ಮಬ್ಬಾಗುತ್ತದೆ. ಸೂಚಕ ಬೆರೆಸಿದಾಗ ಗುಲಾಬಿ ಬಣ್ಣ. ಇಡಿಟಿಎ ಎಂಬ ರಾಸಾಯನಿಕದ ದ್ರಾವಣ ಒಂದೊಂದೇ ಹನಿ ಬೀಳುತ್ತಿದ್ದಂತೆ ಗುಲಾಬಿ ನೇರಳೆಯಾಗಿ, ಕೊನೆಗೆ ನೀಲಿಗೆ ತಿರುಗುತ್ತದೆ. ಆಗ ಕ್ಯಾಲ್ಸಿಯಂ ಪೂರ್ತಿ ಇಡಿಟಿಎ ಹಿಡಿತಕ್ಕೆ ಸಿಕ್ಕಿದೆ ಎಂದರ್ಥ. ಬಳಸಿದ ದ್ರಾವಣದ ಪ್ರಮಾಣವೇ ಉತ್ತರ. ಒಂದೇ ಕಿಟ್‌ನಲ್ಲಿ ಎರಡು ಮೂರು ಬಾರಿ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು.

ತಾಮ್ರ, ಸತುವಿನಂಥ ಸೂಕ್ಷ್ಮ ಧಾತುಗಳಿಗೆ ಪ್ರಯೋಗಾಲಯದ ಐಸಿಪಿ ಯಂತ್ರವೇ ಬೇಕು. ಕಳೆದ ಶತಮಾನದ ಕೊನೆಯಲ್ಲಿ ಆಟ್‌ಕಿನ್ಸನ್ ಮತ್ತು ಬಿಂಗ್‌ಮನ್ ಎಂಬ ಅಮೆರಿಕದ ಸಂಶೋಧಕರು ಎಂಟು ಕೃತಕ ಲವಣಗಳನ್ನು ವಿಶ್ಲೇಷಿಸಿದಾಗ ಮುಖ್ಯ ಅಯಾನುಗಳು ಸಮುದ್ರಕ್ಕೆ ಹತ್ತಿರವಿದ್ದರೂ ಹಲವು ಸೂಕ್ಷ್ಮ ಧಾತುಗಳು ಮಿತಿಮೀರಿದ್ದವು. ಆದರೆ ಐಸಿಪಿ ಕ್ಷಾರೀಯತೆಯನ್ನು ಅಳೆಯದು. ಅದಕ್ಕೆ ಹನಿ ಪರೀಕ್ಷೆಯೇ ಗತಿ.

ಕಲಸಿದ ಬಕೆಟನ್ನೂ ಗಮನಿಸಿ. ನೀರು ದಿನವಿಡೀ ಮಬ್ಬಾಗಿಯೇ ಇದ್ದು ಗೋಡೆಗೆ ಬಿಳಿ ಪದರ ಕಟ್ಟಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲೇ ಗರಣೆಗಟ್ಟುತ್ತಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ಯಾವ ಉಪ್ಪು ಮೇಲು? ಚೀಟಿಯ ಮೇಲೆ ದೊಡ್ಡ ಅಂಕಿ ಇರುವುದಲ್ಲ. ನಿಮ್ಮ ತೊಟ್ಟಿಯ ಮಟ್ಟಕ್ಕೆ ಹತ್ತಿರವಿದ್ದು, ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗದೆ ಇರುವುದು. 7 ಡಿಕೆಎಚ್ ಇರುವ ತೊಟ್ಟಿಯ ಅರ್ಧ ನೀರನ್ನು 11ರ ನೀರಿನಿಂದ ಬದಲಿಸಿದರೆ ಮಟ್ಟ ಒಮ್ಮೆಗೇ 9ಕ್ಕೆ ಜಿಗಿಯುತ್ತದೆ. ಹತ್ತನೇ ಒಂದು ಪಾಲು ಬದಲಿಸಿದರೆ 7.4 ಮಾತ್ರ. ಹವಳಗಳು ತಾಳಿಕೊಳ್ಳದಿರುವುದು ಇಂಥ ಹಠಾತ್ ಏರಿಳಿತವನ್ನೇ. ಬ್ರ್ಯಾಂಡ್ ಬದಲಿಸುವ ಮೊದಲು ಹೊಸ ಪೊಟ್ಟಣವನ್ನೂ ನಿಮ್ಮ ತೊಟ್ಟಿಯ ನೀರನ್ನೂ ಒಂದೇ ಕಿಟ್‌ನಲ್ಲಿ ಅಳೆದು ನೋಡಿ, ಆಮೇಲೆ ನಿರ್ಧರಿಸಿ.