ಬೂಯಿ ಟೆನ್: ಮೀನು ಏರುವ ಹೊತ್ತು, ನೀರು ತಿರುಗುವ ಹೊತ್ತು

ಆಗಸ್ಟ್ ತಿಂಗಳ ನಸುಕಿನಲ್ಲಿ ಹ್ಯಾಮಂಡ್ ಬಂದರಿಗೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಟ್ರೇಲರಿನ ಮೇಲೆ ದೋಣಿ ಹೇರಿಕೊಂಡು ನಿಂತ ಪಿಕಪ್ ಗಾಡಿಗಳ ಕೆಂಪು ದೀಪಗಳನ್ನು ಹಿಂಬಾಲಿಸಿದರೆ ಸಾಕು, ನೀರಿನ ಅಂಚಿಗೆ ತಲುಪುತ್ತೀರಿ. ಅಮೆರಿಕದ ಆರೆಗನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಆಸ್ಟೋರಿಯಾ ಪಟ್ಟಣದ ಪಶ್ಚಿಮಕ್ಕಿರುವ ಸಣ್ಣ ಬಂದರು ಇದು. ಬೆಳಕು ಹರಿಯುವ ಮೊದಲೇ ಇಳಿಜಾರಿನಲ್ಲಿ ಒಂದರ ಹಿಂದೊಂದು ದೋಣಿ ನೀರಿಗಿಳಿಯುತ್ತದೆ. ಹಿಂದಿದ್ದವರು ಅವಸರಪಡಿಸುತ್ತಾರೆ, ಮುಂದಿದ್ದವರು ಹಗ್ಗ ಬಿಚ್ಚಲು ತಡಕಾಡುತ್ತಾರೆ. ಹಾಗೆ ಇಳಿದ ದೋಣಿಗಳೆಲ್ಲ ಹೋಗುವುದು ಒಂದೇ ಕಡೆಗೆ.

ಅದು ಕೊಲಂಬಿಯಾ ನದಿ ಶಾಂತ ಸಾಗರಕ್ಕೆ ಸೇರುವ ಅಳಿವೆ. ಹಡಗುಗಳಿಗೆ ದಾರಿ ತೋರಿಸಲೆಂದು ತೇಲಿಬಿಟ್ಟಿರುವ ಗುರುತುಗಳಲ್ಲಿ ಹತ್ತನೆಯದು, ಕೆಂಪು ಬಣ್ಣದ್ದು, ನದಿಯ ಮೀನುಗಾರಿಕೆಗೂ ಕಡಲಿನ ಮೀನುಗಾರಿಕೆಗೂ ನಡುವಿನ ಗಡಿಗೆರೆ. ಆ ಗುರುತಿನ ಹೆಸರೇ ಇಡೀ ಜಾಗಕ್ಕೆ ಅಂಟಿಕೊಂಡು ಎಲ್ಲರೂ ಇದನ್ನು ಬೂಯಿ ಟೆನ್ ಅನ್ನುತ್ತಾರೆ. ಅಲ್ಲಿಂದ ಒಳಕ್ಕೆ ಟಂಗ್ ಪಾಯಿಂಟ್‌ವರೆಗೆ, ಸುಮಾರು 20 ಕಿ.ಮೀ. ನೀರಿನಲ್ಲಿ, ಸಾಮಾನ್ಯವಾಗಿ ಆಗಸ್ಟ್ 1ರಿಂದ ಸಾಲ್ಮನ್‌ಗೆ ಗಾಳ ಹಾಕಬಹುದು. ನಮ್ಮ ಕರಾವಳಿಯಲ್ಲೂ 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು, ಯಾಂತ್ರಿಕ ಬೋಟುಗಳು ಅಳಿವೆ ದಾಟಿ ಕಡಲಿಗೆ ಹೊರಡುವುದು ಅದೇ ಆಗಸ್ಟ್ 1ರಂದು. ಗಂಗೊಳ್ಳಿಯ ಅಳಿವೆಯಲ್ಲಿ ಮರಳು ತುಂಬಿದಾಗ ಬೋಟಿನವರ ಮುಖ ಹೇಗಿರುತ್ತದೆಂದು ಕಂಡವರಿಗೆ ಈ ಜಾಗದ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗಂಗೊಳ್ಳಿಯಲ್ಲಿ ಅಳಿವೆ ದಾಟುವವರು ಅದರ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ಇಲ್ಲಿ ವಾರಾಂತ್ಯಕ್ಕೆ ಬಂದವರೇ ಹೆಚ್ಚು.

ಬಂದರಿನ ಕಟ್ಟೆಯ ಮೇಲೆ ನಡೆಯುತ್ತ ದೋಣಿಗಳನ್ನು ನೋಡುವಾಗ ನನ್ನನ್ನು ಕಾಡಿದ್ದೂ ಇದೇ. ಕಡಲಿಗೆಂದೇ ಕಟ್ಟಿದ, ಎತ್ತರದ ಮೂತಿಯ ಬೋಟುಗಳಿವೆ. ಅವುಗಳ ಪಕ್ಕದಲ್ಲೇ ಐದಾರು ಮೀಟರಿನ, ಅಂಚು ತಗ್ಗಿದ, ಒಳನಾಡಿನ ನದಿಗಳಿಗೆಂದು ಮಾಡಿದ ಅಲ್ಯುಮಿನಿಯಂ ದೋಣಿಗಳೂ ಇವೆ. ಒಂದರಲ್ಲಿ ಐದು ಜನ, ಐಸ್ ಪೆಟ್ಟಿಗೆ, ಗಾಳದ ಕೋಲುಗಳು. ಜೀವರಕ್ಷಕ ಜಾಕೆಟ್ಟುಗಳೆಲ್ಲ ಸೀಟಿನಡಿ ತುರುಕಿದ್ದವು. ಅಲ್ಲೇ ಸಿಕ್ಕ ಕನ್ನಡದ ಹುಡುಗ ಹಿಲ್ಸ್‌ಬರೋದ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಎರಡು ಗಂಟೆ ಗಾಡಿ ಓಡಿಸಿಕೊಂಡು ಗೆಳೆಯರ ಜೊತೆ ಬಂದಿದ್ದ. "ಹಿಂದಿನ ವರ್ಷ ಬೆಳಿಗ್ಗೆ ನೀರು ತಟ್ಟೆ ಹಾಗಿತ್ತು ಅಂಕಲ್. ಹನ್ನೊಂದರ ಮೇಲೆ ಏನಾಯ್ತೋ ಗೊತ್ತಾಗಲಿಲ್ಲ. ವಾಪಸ್ ಬರೋವಾಗ ಎಲ್ಲರೂ ಸುಮ್ಮನೆ ಕೂತಿದ್ವಿ," ಎಂದ. ಈ ಸಲ ಜಾಕೆಟ್ ತೊಟ್ಟೇ ದೋಣಿ ಹತ್ತಿದ.

ಹನ್ನೊಂದರ ಮೇಲೆ ಏನಾಗುತ್ತದೆ? ಅದು ತಿಳಿಯಬೇಕಾದರೆ ಮೊದಲು ಮೀನಿನ ನಡೆ ತಿಳಿಯಬೇಕು. ಚಿನೂಕ್ ಮತ್ತು ಕೋಹೊ ಜಾತಿಯ ಸಾಲ್ಮನ್‌ಗಳು ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನೀರಿಗೆ ಮರಳುತ್ತವೆ. ಭರತದ ನೀರು ಒಳನುಗ್ಗುವಾಗ ಅದರೊಟ್ಟಿಗೆ ತೇಲಿ ಬರುವುದು ಅವುಗಳಿಗೆ ಸುಲಭ. ಆದ್ದರಿಂದ ದೋಣಿಗಳೂ ಭರತದ ಜೊತೆಯಲ್ಲೇ, ಹೆರಿಂಗ್ ಅಥವಾ ಆಂಚೊವಿ ಮೀನನ್ನು ಗಾಳಕ್ಕೆ ಸಿಕ್ಕಿಸಿ, ನಡೆಯುವಷ್ಟು ವೇಗದಲ್ಲಿ ಎಳೆಯುತ್ತ ಸಾಗುತ್ತವೆ. ಭರತ ತುಂಬಿ ನಿಂತು, ಇಳಿತ ಇನ್ನೇನು ಶುರುವಾಗಬೇಕು ಎನ್ನುವ ಹೊತ್ತಿಗೆ ಮೀನು ಚೆನ್ನಾಗಿ ಕಚ್ಚುತ್ತದೆ. ಅಳಿವೆ ಕೆರಳುವುದೂ ಅದರ ಬೆನ್ನಿಗೇ.

ನಾನು ಹೋದ ದೋಣಿಯ ಗೈಡ್ ಹಳಬ. ಬೆಳಕು ಮೂಡುವ ಹೊತ್ತಿಗೆ ನಮ್ಮ ಸುತ್ತ ಕಣ್ಣು ಹಾಯುವಷ್ಟು ದೂರ ದೋಣಿಗಳಿದ್ದವು. ಮಂಜು ಬೇರೆ. ಕೆಲವು ದೋಣಿಗಳಲ್ಲಿ ದೀಪವಿರಲಿಲ್ಲ. ಎಂಜಿನ್ ಸದ್ದು ಹತ್ತಿರ ಬಂದ ಮೇಲೆ ದೋಣಿ ಕಾಣುತ್ತಿತ್ತು. ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಿರುವವರೆಗೆ ಸಾಲು ಹೇಗೋ ನಡೆಯುತ್ತದೆ. ಯಾರಿಗಾದರೂ ಮೀನು ಸಿಕ್ಕಿತೆನ್ನಿ. ಎಂಟು ಕೆಜಿಯ ಚಿನೂಕ್ ಒಮ್ಮೆ ಓಟ ಕಿತ್ತರೆ ಹತ್ತಾರು ಮೀಟರ್ ದಾರ ಎಳೆದುಕೊಂಡು ಹೋಗುತ್ತದೆ. ಆ ದೋಣಿ ಸಾಲಿನ ನಡುವೆ ಅಡ್ಡ ತಿರುಗುತ್ತದೆ. ದೋಣಿಯಲ್ಲಿದ್ದವರೆಲ್ಲ, ಸ್ಟಿಯರಿಂಗ್ ಹಿಡಿದವನೂ ಸೇರಿ, ಕೋಲಿನ ತುದಿಯನ್ನೇ ನೋಡುತ್ತಾರೆ. ಒಬ್ಬ ಕೈಬಲೆ ಹಿಡಿದು ಅಂಚಿಗೆ ಬಾಗುತ್ತಾನೆ, ಭಾರವೆಲ್ಲ ಒಂದೇ ಮಗ್ಗುಲಿಗೆ ಬೀಳುತ್ತದೆ. ಹಿಂದಿನಿಂದ ಬರುವವನು ದಾರಿ ಬಿಟ್ಟುಕೊಟ್ಟರೆ ಸರಿ. ಅವನ ಕೋಲೂ ಅದೇ ಕ್ಷಣದಲ್ಲಿ ಬಾಗಿದ್ದರೆ ಮುಂದೆ ನೋಡುವವರೇ ಇರುವುದಿಲ್ಲ.

2017ರ ಆಗಸ್ಟ್‌ನಲ್ಲಿ ಈ ಅಳಿವೆಯ ಬಳಿ ನಡೆದ ಘಟನೆಯ ವಿಡಿಯೊ ಜಗತ್ತೆಲ್ಲ ಸುತ್ತಿತು. ಗಾಳ ಹಾಕುತ್ತಿದ್ದ ಸಣ್ಣ ದೋಣಿಯ ಮೇಲೆ ದೊಡ್ಡ ಮೋಟಾರ್ ಬೋಟೊಂದು ನೇರ ನುಗ್ಗಿತು. ಸಣ್ಣ ದೋಣಿಯಲ್ಲಿದ್ದ ಮೂವರು ಕೂಗಿ, ಕೈ ಬೀಸಿ, ಕಡೆಯ ಗಳಿಗೆಯಲ್ಲಿ ನೀರಿಗೆ ಹಾರಿ ಜೀವ ಉಳಿಸಿಕೊಂಡರು. ಹವೆಯೂ ಅಲೆಯೂ ಅಲ್ಲಿ ತಪ್ಪು ಮಾಡಿರಲಿಲ್ಲ. ದೋಣಿ ನಡೆಸುವವನು ಮುಂದೆ ನೋಡುತ್ತಿದ್ದರೆ ಆ ಅಪಘಾತ ಆಗುತ್ತಿರಲಿಲ್ಲ.

ಸಣ್ಣ ದೋಣಿಗಳ ಈ ಜಾತ್ರೆಯ ನಡುವೆಯೇ ಹಡಗಿನ ಹಾದಿಯೂ ಇದೆ. ಅಮೆರಿಕದಿಂದ ರಫ್ತಾಗುವ ಗೋಧಿಯಲ್ಲಿ ದೊಡ್ಡ ಪಾಲು ಈ ನದಿಯಿಂದಲೇ ಹೊರಡುತ್ತದೆ. ನದಿಯಲ್ಲಿ ಹೂಳೆತ್ತಿ ಕಾಪಾಡುವ ಹಡಗು ಕಾಲುವೆಯ ಆಳ ಸುಮಾರು 13 ಮೀಟರ್, ಅಗಲ ಸುಮಾರು 180 ಮೀಟರ್. ಗೋಧಿ ತುಂಬಿದ ಹಡಗು ಅದನ್ನು ಬಿಟ್ಟು ಪಕ್ಕಕ್ಕೆ ಸರಿಯುವಂತಿಲ್ಲ, ಥಟ್ಟನೆ ನಿಲ್ಲುವಂತೆಯೂ ಇಲ್ಲ. ಇಕ್ಕಟ್ಟಾದ ಕಾಲುವೆಯಲ್ಲಿ 20 ಮೀಟರಿಗಿಂತ ಚಿಕ್ಕ ದೋಣಿಗಳು ಅಂಥ ಹಡಗಿಗೆ ಅಡ್ಡಿಯಾಗಬಾರದೆಂದು ಜಲಸಂಚಾರ ನಿಯಮವೇ ಹೇಳುತ್ತದೆ. ನಾವಿದ್ದಾಗ ಹಡಗೊಂದು ಐದು ಸಲ ಚುಟುಕಾಗಿ ಹಾರ್ನ್ ಹೊಡೆಯಿತು. ಅಪಾಯವೆಂಬುದರ ಸೂಚನೆ ಅದು. ಕಾಲುವೆಯಲ್ಲಿದ್ದ ದೋಣಿಗಳಲ್ಲಿ ಬಹಳಷ್ಟು ಸರಿದವು. ಎರಡು ಮೂರು ಮಾತ್ರ ದಾರ ಸುತ್ತಿಕೊಳ್ಳುವುದರಲ್ಲೇ ಇದ್ದವು. ಹಡಗಿನ ಮೂತಿಯ ಕೆಳಗಿರುವ ನೀರು ಮೇಲೆ ನಿಂತ ಪೈಲಟ್‌ಗೆ ಕಾಣುವುದಿಲ್ಲ. ಆ ದೋಣಿಯವರಿಗೆ ಇದು ಗೊತ್ತಿತ್ತೋ ಇಲ್ಲವೋ, ನನಗಂತೂ ಹೊಟ್ಟೆಯಲ್ಲಿ ತಳಮಳ.

ಇನ್ನು ನೀರು ತಿರುಗುವ ಮಾತು. ಸುಮಾರು 2,000 ಕಿ.ಮೀ. ಹರಿದು ಬರುವ ಕೊಲಂಬಿಯಾ ಸರಾಸರಿ ಸೆಕೆಂಡಿಗೆ 7,500 ಘನ ಮೀಟರ್ ನೀರನ್ನು ಕಡಲಿಗೆ ಸುರಿಯುತ್ತದೆ. ಇಳಿತದ ನೀರು ಇದರ ಜೊತೆ ಸೇರಿಕೊಂಡರೆ ಹರಿವಿನ ವೇಗ 5 ನಾಟ್ ದಾಟುವುದುಂಟು. ಎದುರಿನಿಂದ ಪೆಸಿಫಿಕ್‌ನ ಅಲೆಗಳು ಒಳಬರುತ್ತಿರುತ್ತವೆ. ಎರಡೂ ಮರಳದಿಬ್ಬದ ಮೇಲೆ ಮುಖಾಮುಖಿಯಾದಾಗ ಉದ್ದನೆಯ, ಸೌಮ್ಯವಾದ ಅಲೆಗಳು ಒತ್ತೊತ್ತಾಗಿ, ಗೋಡೆಯಂತೆ ನೆಟ್ಟಗೆ ಏಳುತ್ತವೆ. ಮಧ್ಯಾಹ್ನದ ವಾಯವ್ಯ ಗಾಳಿಯೂ ಸೇರಿದರೆ ಕೆಲವೇ ನಿಮಿಷಗಳಲ್ಲಿ ನೀರಿನ ಸ್ವರೂಪವೇ ಬದಲಾಗುತ್ತದೆ. ಗಾಳ ಎಳೆಯಲು ಬಳಸುವುದು ಪುಟ್ಟ ಎಂಜಿನ್; ಇಂಥ ಇಳಿತದೆದುರು ಅದಕ್ಕೆ ತ್ರಾಣ ಸಾಲದು. ದೊಡ್ಡ ಎಂಜಿನ್ ಕೈಕೊಟ್ಟರೆ, ಅಥವಾ ಏಡಿ ಹಿಡಿಯಲು ಯಾರೋ ಬಿಟ್ಟ ಬೋನಿನ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ, ದೋಣಿ ತಾನಾಗಿಯೇ ಅಳಿವೆಯ ಬಾಯಿಗೆ ಹೋಗುತ್ತದೆ. ದಕ್ಷಿಣ ಬ್ರೇಕ್‌ವಾಟರಿನ ಒಳಮಗ್ಗುಲಲ್ಲಿ ಕ್ಲಾಟ್ಸಾಪ್ ಸ್ಪಿಟ್ ಎಂಬ ಮರಳದಿಬ್ಬ ಕಾದಿದೆ. 1792ರಿಂದೀಚೆಗೆ ಈ ಅಳಿವೆಯಲ್ಲೂ ಆಸುಪಾಸಿನಲ್ಲೂ ಸುಮಾರು 2,000 ಹಡಗು ದೋಣಿಗಳು ನಾಶವಾಗಿವೆ ಎನ್ನುತ್ತಾರೆ. ಪೆಸಿಫಿಕ್‌ನ ಸ್ಮಶಾನ ಎಂಬ ಹೆಸರು ಬಂದದ್ದು ಅದಕ್ಕೇ.

ನಮ್ಮ ಗೈಡ್ ಭರತ ನಿಲ್ಲುವ ಮೊದಲೇ ದಾರ ಎಳೆದು ದೋಣಿ ತಿರುಗಿಸಿದ. ಆಗ ಸುತ್ತಲಿನವರ ಗಾಳಕ್ಕೆ ಮೀನು ಬೀಳುತ್ತಿತ್ತು. ನಮ್ಮಲ್ಲೊಬ್ಬರು ಇನ್ನೊಂದು ಸುತ್ತು ಹಾಕೋಣವೆಂದು ಬೇಡಿಕೊಂಡರು. ಆತ ಉತ್ತರ ಕೊಡದೆ ಎಂಜಿನ್ ಜೋರು ಮಾಡಿದ.

ಆ "ಇನ್ನೊಂದು ಸುತ್ತು" ಬರಿಯ ಆಸೆಯಿಂದ ಹುಟ್ಟುವುದಲ್ಲ ಎಂಬುದು ನನ್ನ ಅನಿಸಿಕೆ. ಮೀನು ಕಡಿಮೆಯಾಗಿದೆ. ಅಣೆಕಟ್ಟುಗಳು, ಹಾಳಾದ ಮೊಟ್ಟೆಯಿಡುವ ಹೊಳೆಗಳು, ದಶಕಗಳ ಅತಿಯಾದ ಬೇಟೆ, ಎಲ್ಲವೂ ಸೇರಿ ಕೊಲಂಬಿಯಾದ ಕಾಡು ಸಾಲ್ಮನ್‌ಗಳ ಹಲವು ಸಂತತಿಗಳು 1990ರ ದಶಕದಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿ ಸೇರಿದವು. ಅವು ಸಾಯಬಾರದೆಂದು ಋತುವನ್ನು ಕಿರಿದು ಮಾಡುತ್ತಾರೆ, ಮಿತಿ ಮುಟ್ಟಿತೆಂದರೆ ನಡುವೆಯೇ ನಿಲ್ಲಿಸುತ್ತಾರೆ, ಕೆಲವು ದಿನ ಬೆನ್ನಿನ ಹಿಂದಿನ ಪುಟ್ಟ ಈಜುರೆಕ್ಕೆ ಕತ್ತರಿಸಿರುವ ಸಾಕುಕೇಂದ್ರದ ಮೀನನ್ನಷ್ಟೇ ಇಟ್ಟುಕೊಳ್ಳಲು ಬಿಡುತ್ತಾರೆ. ಈ ನಿಯಮಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಣಿಸಿ ಕೊಟ್ಟ ದಿನಗಳಾದಾಗ ಎಲ್ಲರೂ ಅದೇ ದಿನಗಳಿಗೆ ಮುಗಿಬೀಳುತ್ತಾರೆ. ರಜೆ ಹಾಕಿ, ಹೋಟೆಲು ಹಿಡಿದು, ಡೀಸೆಲ್ ಸುಟ್ಟು ಬಂದವನಿಗೆ ಗಾಳಿ ಎದ್ದಿದೆಯೆಂದು ದೋಣಿ ಇಳಿಸದೆ ಮರಳುವುದು ಕಷ್ಟ. ಮೀನಿನ ಲೆಕ್ಕ ಇಡುವ ಇಲಾಖೆಗಳು ದಿನಗಳನ್ನು ಹಂಚುವಾಗ ದೋಣಿಗಳ ದಟ್ಟಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೀನಿನ ಸಂಖ್ಯೆಯಷ್ಟೇ ಜನರ ಜೀವವೂ ಆ ಲೆಕ್ಕದಲ್ಲಿ ಕಾಣಬೇಕು.

ಮಧ್ಯಾಹ್ನ ಆಸ್ಟೋರಿಯಾ–ಮೆಗ್ಲರ್ ಸೇತುವೆ ದಾಟಿ ವಾಷಿಂಗ್ಟನ್ ರಾಜ್ಯದ ದಡಕ್ಕೆ ಹೋದೆ. 1966ರಲ್ಲಿ ತೆರೆದ ಸೇತುವೆ, ಉದ್ದ ಆರೂವರೆ ಕಿ.ಮೀ. ಅದರ ಮೇಲಿಂದ ನೋಡಿದರೆ ನೀರಿನ ಬಣ್ಣ ಅಲ್ಲಲ್ಲಿ ಬೇರೆಯಾಗಿರುವುದು ತಿಳಿಯುತ್ತದೆ. ಡೆಸ್ಡೆಮೋನಾ ಎಂಬ ಹೆಸರಿನ ಮರಳುಪಟ್ಟಿ ಅದು. 1857ರಲ್ಲಿ ಅಲ್ಲಿ ಸಿಕ್ಕಿ ಒಡೆದ ಹಡಗಿನ ಹೆಸರು. ಆಚೆ ದಡದಲ್ಲಿ ಮೆಕ್‌ಗೋವನ್‌ನ ಹಳೆಯ ಚರ್ಚು, ಅದರೆದುರಿನ ನೀರೂ ಗಾಳದವರಿಂದ ತುಂಬಿತ್ತು. ಇಲ್ಲೇ ಚಿನೂಕ್ ಜನರ ಹಳ್ಳಿಯಿತ್ತು. ಬಿಳಿಯರ ಹಡಗು ಬರುವ ಎಷ್ಟೋ ಕಾಲದ ಮೊದಲಿನಿಂದ ಮರದ ಓಡಗಳಲ್ಲಿ ಈ ಅಳಿವೆಯ ನೀರನ್ನು ಅರಿತು ಬಾಳಿದವರು ಅವರು.

ಪಶ್ಚಿಮದ ತುದಿ ಕೇಪ್ ಡಿಸಪಾಯಿಂಟ್‌ಮೆಂಟ್. 1856ರ ದೀಪಸ್ತಂಭದ ಕೆಳಗೆ ಕೋಸ್ಟ್ ಗಾರ್ಡ್ ಠಾಣೆ, ಜೊತೆಗೆ ಅಬ್ಬರದ ಅಲೆಯಲ್ಲಿ ರಕ್ಷಣಾದೋಣಿ ನಡೆಸಲು ಕಲಿಸುವ ಅವರ ರಾಷ್ಟ್ರೀಯ ಶಾಲೆ. ತರಬೇತಿಗೆ ಈ ಅಳಿವೆಯನ್ನೇ ಆರಿಸಿಕೊಂಡಿದ್ದಾರೆ ಎಂದರೆ ಉಳಿದದ್ದು ನೀವೇ ಊಹಿಸಿ. ಅವರ 47 ಅಡಿಯ ದೋಣಿ ಬುಡಮೇಲಾದರೂ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನೆಟ್ಟಗಾಗುತ್ತದೆ. ಅಷ್ಟಾದರೂ ಈ ಕೆಲಸ ಸುಲಭವಲ್ಲ: 1961ರ ಜನವರಿಯಲ್ಲಿ ಕಷ್ಟಕ್ಕೆ ಸಿಕ್ಕ ಮೀನುದೋಣಿಯನ್ನು ಎಳೆದು ತರಲು ಹೋದ ಐವರು ಕೋಸ್ಟ್ ಗಾರ್ಡ್ ಸಿಬ್ಬಂದಿ ಇಲ್ಲೇ ಸತ್ತರು. ಅಲೆ ಹೆಚ್ಚಾದಾಗ ಸಣ್ಣ ದೋಣಿಗಳಿಗೆ ಅಳಿವೆ ಮುಚ್ಚುವ ಅಧಿಕಾರ ಇವರಿಗಿದೆ. ಅದನ್ನು ರೇಡಿಯೊದಲ್ಲಿ ಸಾರುತ್ತಾರೆ. ಮೊಬೈಲೊಂದನ್ನೇ ನಂಬಿ ಬಂದವರಿಗೆ ಅದು ಕೇಳಿಸುವುದಿಲ್ಲ.

ಅಮೆರಿಕದಲ್ಲಿ ದೋಣಿ ಅಪಘಾತಗಳಲ್ಲಿ ಸಾಯುವವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ಮುಳುಗಿ ಸಾಯುತ್ತಾರೆ. ಹಾಗೆ ಮುಳುಗಿದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಜಾಕೆಟ್ ತೊಟ್ಟಿರುವುದಿಲ್ಲ. ಆರೆಗನ್‌ನಲ್ಲಿ ಚಲಿಸುವ ದೋಣಿಯಲ್ಲಿ 12 ವರ್ಷದವರೆಗಿನ ಮಕ್ಕಳು ಅದನ್ನು ತೊಡಲೇಬೇಕು. ದೊಡ್ಡವರಿಗೆ ಅದು ದೋಣಿಯಲ್ಲಿದ್ದರೆ ಸಾಕು. ಈ ನೀರಿನಲ್ಲಿ ಸಾಕೆನ್ನುವುದು ಸಾಲದು. ಬೇಸಿಗೆಯಲ್ಲೂ ಇಲ್ಲಿನ ಕಡಲು ತಣ್ಣಗೆ ಕೊರೆಯುತ್ತದೆ. ಬಿದ್ದವನಿಗೆ ಮೊದಲ ನಿಮಿಷ ಏದುಸಿರಲ್ಲೇ ಹೋಗುತ್ತದೆ. ಹತ್ತು ನಿಮಿಷದೊಳಗೆ ಬೆರಳುಗಳು ಮಾತು ಕೇಳುವುದಿಲ್ಲ. ಸೀಟಿನಡಿಯಿಂದ ಜಾಕೆಟ್ ಎಳೆದು, ಬಕಲ್ ಹಾಕಿಕೊಳ್ಳಲು ಆಗ ಯಾರಿಂದ ಸಾಧ್ಯ?

ಪೋರ್ಟ್‌ಲ್ಯಾಂಡ್, ಹಿಲ್ಸ್‌ಬರೋ ಕಡೆಯ ನಮ್ಮವರು ಹೋಗುವುದಾದರೆ ದಿನ ಗೊತ್ತುಮಾಡುವ ಮೊದಲು ಭರತ ಇಳಿತದ ಪಟ್ಟಿ ನೋಡಿ, ಏರಿಳಿತ ಕಡಿಮೆಯಿರುವ ದಿನ ಆರಿಸಿ. ವಿಎಚ್‌ಎಫ್ ರೇಡಿಯೊ ಇರಲಿ, 16ನೇ ಚಾನೆಲ್ ತೆರೆದಿರಲಿ. ದೋಣಿಯಲ್ಲಿ ಒಬ್ಬರು ಗಾಳ ಮುಟ್ಟದೆ ಮುಂದೆ ನೋಡುವುದಕ್ಕೇ ಇರಲಿ. ಮೀನು ಬೇಕೆಂದರೆ ಬೂಯಿ ಟೆನ್‌ನ ಬುಡಕ್ಕೇ ಹೋಗಬೇಕೆಂದೇನೂ ಇಲ್ಲ. ಅಳಿವೆ ದಾಟಿ ಬಂದ ಸಾಲ್ಮನ್ ಸೇತುವೆಯ ಮೇಲ್ಗಡೆಯ ನೀರನ್ನೂ ಹಾಯ್ದೇ ಹೋಗಬೇಕು. ಆಸ್ಟೋರಿಯಾದ ಪೂರ್ವದ ಬಂದರುಕಟ್ಟೆಯಲ್ಲಿ ದೋಣಿ ಇಳಿಸಿದರೆ, ಅಳಿವೆಯ ಕಡೆ ಮೂತಿ ತಿರುಗಿಸದೆಯೇ ಅಲ್ಲಿಗೆ ಹೋಗಿ ಬರಬಹುದು.