ಗುಳ್ಳೆ ಎದ್ದಲ್ಲೇ ತೂತು ಇರುವುದಿಲ್ಲ

ಕಾರಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ಬೇಕು. ಅದಕ್ಕಿಂತ ಎಷ್ಟೋ ದೊಡ್ಡದಾದ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 16 ಸಾಕು. ಒತ್ತಡ ಇಳಿದಷ್ಟೂ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಮಣ್ಣು ಅಷ್ಟಾಗಿ ಗಟ್ಟಿಯಾಗುವುದಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ವಿಮಾನದ ಟೈರುಗಳನ್ನು ಟ್ರ್ಯಾಕ್ಟರಿಗೆ ತೊಡಿಸಿ ಪರೀಕ್ಷಿಸಿತು. ಕಬ್ಬಿಣದ ಗಾಲಿಗಳ ಕಾಲ ಅಲ್ಲಿಂದ ಮುಗಿಯತೊಡಗಿತು.

ಸಣ್ಣ ಸೋರಿಕೆಗೆ ಈ ಕಡಿಮೆ ಒತ್ತಡವೇ ಮರೆ. ಗಾಳಿ ಸದ್ದಿಲ್ಲದೆ ಹೋಗುತ್ತದೆ. 14ರಲ್ಲಿ 2 ಇಳಿದರೆ ಏಳನೇ ಒಂದು ಭಾಗ ಹೋಯಿತು; ಲಾರಿ ಟೈರಿನ ಗೇಜಿನಲ್ಲಿ ನೋಡಿದರೆ ಮುಳ್ಳು ಅಲುಗಿದ್ದೂ ತಿಳಿಯದು.

ಒತ್ತಡ ಇಳಿದದ್ದೆಲ್ಲ ಸೋರಿಕೆಯೂ ಅಲ್ಲ. 14 ಪಿಎಸ್‌ಐ ಇರುವ ಟೈರು 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಹೆಚ್ಚುಕಡಿಮೆ 1 ಪಿಎಸ್‌ಐ ತಾನಾಗಿಯೇ ತಗ್ಗುತ್ತದೆ. ತೂಕಕ್ಕೆಂದು ಮುಕ್ಕಾಲು ಭಾಗ ನೀರು ತುಂಬಿದ ಟೈರಿನಲ್ಲಿ ಇನ್ನೊಂದು ತೊಡಕು: 28 ಇಂಚಿನ ರಿಮ್‌ನಲ್ಲಿ ವಾಲ್ವ್ ಕೆಳಗಿದ್ದಾಗ ನೀರಿನ ಭಾರವೇ ಸುಮಾರು 1 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹಾಗಾಗಿ ಪ್ರತಿ ಸಲವೂ ಬೆಳಗಿನ ತಂಪಿನಲ್ಲಿ, ವಾಲ್ವ್ ಮೇಲಿರುವಂತೆ ಗಾಲಿ ನಿಲ್ಲಿಸಿ ಅಳೆಯಬೇಕು.

ಹುಡುಕಾಟ ವಾಲ್ವಿನಿಂದ ಶುರು. ಬಾಯಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಉಬ್ಬಿದರೆ ವಾಲ್ವಿನೊಳಗಿನ ಪಿನ್ ಸಡಿಲವಾಗಿದೆ, ಇಲ್ಲವೇ ಮಣ್ಣಿನ ಕಣ ಸಿಕ್ಕಿಕೊಂಡಿದೆ. ಪಿನ್ ಬಿಗಿಮಾಡಿದರೆ ಅಥವಾ ಬದಲಿಸಿದರೆ ಕೆಲಸ ಮುಗಿಯಿತು.

ಗುಳ್ಳೆ ವಾಲ್ವಿನ ಬುಡದಲ್ಲಿ ಎದ್ದರೆ ಲೆಕ್ಕ ಬೇರೆ. ಟ್ಯೂಬ್‌ಲೆಸ್ ಟೈರಾದರೆ ಸೋರುವ ಜಾಗವೇ ಸಾಮಾನ್ಯವಾಗಿ ಗುಳ್ಳೆ ತೋರಿಸುತ್ತದೆ. ಟ್ಯೂಬ್ ಇರುವ ಟೈರಿನಲ್ಲಿ ತೂತಿನಿಂದ ಹೊರಬಿದ್ದ ಗಾಳಿ ಟ್ಯೂಬಿಗೂ ಟೈರಿಗೂ ನಡುವೆ ಹರಿದು, ರಿಮ್‌ನಲ್ಲಿ ವಾಲ್ವಿಗೆಂದು ಕೊರೆದ ಕಿಂಡಿಯಿಂದ ಈಚೆ ಬರುತ್ತದೆ. ತೂತು ಅದರ ಎದುರು ಬದಿಯಲ್ಲೂ ಇರಬಹುದು.

ಉತ್ತರ ಕರ್ನಾಟಕದ ಒಣಭೂಮಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ದೊಡ್ಡ ಕಾಟ. ಅದು ಗುಬುಟುಗಳ ನಡುವೆ ನಾಟಿ, ಹೊರತುದಿ ಮುರಿದು, ಒಳಗೇ ಅಡಗಿ ಕೂರುತ್ತದೆ. ಅದಕ್ಕೇ ಟ್ಯೂಬ್ ಹೊರತೆಗೆಯುವ ಮುನ್ನ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಟ್ಯೂಬಿನ ಯಾವ ಮುಖ ಹೊರಗಿತ್ತೆಂದೂ ಗುರುತಿಸಿಕೊಳ್ಳಬೇಕು. ಆಮೇಲೆ ನೀರಿದ್ದರೆ ಬಸಿದು, ಕೊಂಚ ಗಾಳಿ ತುಂಬಿ, ತೊಟ್ಟಿಯಲ್ಲಿ ತುಂಡುತುಂಡಾಗಿ ಮುಳುಗಿಸುತ್ತ ಹೋದರೆ ತೂತು ಸಿಗುತ್ತದೆ. ವಾಲ್ವಿನಿಂದ ಅಷ್ಟೇ ದೂರದಲ್ಲಿ ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸವರಿದರೆ ಮುಳ್ಳಿನ ಮೊನೆಗೆ ಎಳೆ ಸಿಕ್ಕಿಕೊಳ್ಳುತ್ತದೆ.

ಪ್ಯಾಚ್ ಹಾಕುವಾಗ ಅವಸರ ಸಲ್ಲದು. ಒಣಗಿದ ರಬ್ಬರನ್ನು ಉಜ್ಜಿ ಒರಟು ಮಾಡಿ, ಸೊಲ್ಯೂಷನ್ನಿನ ಹಸಿ ಹೊಳಪು ಹೋಗುವವರೆಗೆ ಕಾದು ಒತ್ತಬೇಕು. ಹಸಿಯಿದ್ದಾಗಲೇ ಒತ್ತಿದರೆ ದ್ರಾವಕ ಒಳಗೇ ಉಳಿದು ಪ್ಯಾಚ್ ಏಳುತ್ತದೆ.

ಸೋರಿಕೆ ಹಾಗೇ ಬಿಟ್ಟು ಕಬ್ಬಿನ ಟ್ರೇಲರ್ ಎಳೆದರೆ ರಿಮ್ ಟೈರಿನೊಳಗೇ ಜಾರುತ್ತದೆ, ಟ್ಯೂಬ್ ಎಳೆದಾಡಿ ವಾಲ್ವಿನ ಬುಡ ಹರಿಯುತ್ತದೆ. ಆಗ ಹೊಸ ಟ್ಯೂಬೇ ಗತಿ.

ಮರುಜೋಡಿಸುವಾಗ ಬೀಡ್, ಅಂದರೆ ರಿಮ್‌ಗೆ ಕೂರುವ ಟೈರಿನ ಅಂಚು, ಕೂರಿಸಲು ಎಷ್ಟೆಂದರಷ್ಟು ಗಾಳಿ ಹೊಡೆಯುವುದು ಪ್ರಾಣಕ್ಕೆ ಅಪಾಯ. ಅನೇಕ ಟೈರುಗಳ ಪಕ್ಕೆಯ ಮೇಲೆ 35 ಪಿಎಸ್‌ಐ ಮಿತಿ ಅಚ್ಚಾಗಿರುತ್ತದೆ. ಬೀಡ್ ಕೂತ ಮೇಲೆ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು ಮತ್ತೆ ತುಂಬಿದರೆ ಟ್ಯೂಬಿನ ಮಡಿಕೆ ಬಿಡಿಸಿಕೊಳ್ಳುತ್ತದೆ. ಮಡಿಕೆ ಉಳಿದರೆ ಅಲ್ಲೇ ಸವೆದು ಮತ್ತೊಂದು ಸೋರಿಕೆ ಶುರುವಾಗುತ್ತದೆ.